ಆಯಿಲ್ ಕುಡಿಯುವ ಎಂಜಿನ್: ಘಾಟಿ ಇಳಿಜಾರು ಕೊಟ್ಟ ಸುಳಿವು

ಮಡಿಕೇರಿಯಲ್ಲಿ ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರು ಎಂಜಿನ್ ಆಯಿಲ್ ಬೇಗ ಇಳಿಯುತ್ತಿದೆ ಎಂದು ಹೇಳಿದರೆ, ಸಿಗುವ ಮೊದಲ ಸಲಹೆ ‘ಬೋರ್ ಮಾಡಿಸಿಬಿಡಿ’ ಎಂಬುದೇ, ಅಂದರೆ ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡ ಅಳತೆಯ ಪಿಸ್ಟನ್, ರಿಂಗು ಹಾಕಿಸುವುದು. ನನಗೂ ಅದೇ ಸಲಹೆ ಬಂದಿತ್ತು. ಎಂಜಿನ್ ಇಳಿಸಿ ಲೇತಿಗೆ ಕಳಿಸುವ ಮೊದಲು ಆಯಿಲ್ ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದು ಗೊತ್ತಾಗಬೇಕು ಎನಿಸಿದ್ದರಿಂದ ಪರೀಕ್ಷೆಗಳನ್ನು ನಾನೇ ಮಾಡಿದೆ. ಕೊನೆಗೆ, ವಾಲ್ವಿನ ಕಾಂಡದ ಸುತ್ತ ಆಯಿಲ್ ಒಳಗಿಳಿಯದಂತೆ ತಡೆಯುವ ರಬ್ಬರಿನ ವಾಲ್ವ್ ಸೀಲುಗಳ ಬದಲಾವಣೆಯಲ್ಲೇ ಕೆಲಸ ಮುಗಿಯಿತು.

ಮೊದಲನೆಯದು ಆಯಿಲ್ ಮಟ್ಟದ ಅಳತೆ, ಅದನ್ನು ನೋಡುವ ಕಡ್ಡಿಯೇ ಡಿಪ್‌ಸ್ಟಿಕ್. ಡಿಪ್‌ಸ್ಟಿಕ್ ನೋಡಲು ಕಾರು ಸಮತಟ್ಟಾದ ನೆಲದಲ್ಲಿ ನಿಂತಿರಬೇಕು, ಕೊಡಗಿನ ಮನೆಯಂಗಳಗಳಲ್ಲಿ ಅಂಥ ಜಾಗ ಸಿಗುವುದೇ ಅಪರೂಪ. ನಮ್ಮಲ್ಲಿ ಕಾಫಿ ಒಣಗಿಸುವ ಕಣವೊಂದೇ ಸಮತಟ್ಟಾಗಿರುವುದರಿಂದ ಪ್ರತಿ ಸಲವೂ ಅಲ್ಲಿಯೇ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ನೋಡುತ್ತಿದ್ದೆ. ಮಳೆಗಾಲದ ಅಳತೆಯನ್ನು ನಾನು ನಂಬುವುದಿಲ್ಲ. ಚಳಿಯಲ್ಲಿ ಹತ್ತಿರದ ಓಡಾಟವಷ್ಟೇ ಇದ್ದಾಗ ಎಂಜಿನ್ ಪೂರ್ತಿ ಬಿಸಿಯಾಗದೆ ನೀರಿನ ಪಸೆಯೂ ಒಂದಿಷ್ಟು ಪೆಟ್ರೋಲೂ ಆಯಿಲಿಗೆ ಸೇರಿ ಮಟ್ಟ ಇಳಿದಿಲ್ಲವೆಂಬಂತೆ ತೋರುತ್ತದೆ. ಆಮೇಲೆ ಮೈಸೂರಿಗೊಮ್ಮೆ ಹೋಗಿ ಬಂದರೆ ಅವೆರಡೂ ಆವಿಯಾಗಿ ಮಟ್ಟ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ಮಳೆ ನಿಂತ ಮೇಲೆ ಹೊಸ ಆಯಿಲ್ ತುಂಬಿಸಿ ಲೆಕ್ಕ ಇಟ್ಟೆ. 1,000 ಕಿಲೋಮೀಟರಿಗೆ ಒಂದು ಲೀಟರ್ ಎಂಬುದನ್ನು ಹಲವು ತಯಾರಕರು ಕೊನೆಯ ಮಿತಿಯೆಂದು ಹೇಳುತ್ತಾರೆ, ನನ್ನ ಕಾರು ಅದರ ಹತ್ತಿರಕ್ಕೆ ಬಂದಿತ್ತು. ಕಣದ ಮೇಲೆ ಒಂದು ತೊಟ್ಟೂ ಸೋರಿರಲಿಲ್ಲ, ಅಂದರೆ ಆಯಿಲ್ ಎಂಜಿನ್ನಿನೊಳಗೇ ಸುಡುತ್ತಿರಬೇಕು.

ಇಲ್ಲಿನ ಚಳಿಯ ಬೆಳಗುಗಳಲ್ಲಿ ಎಲ್ಲ ಕಾರುಗಳ ಸೈಲೆನ್ಸರಿನಿಂದಲೂ ಬಿಳಿ ಹಬೆ ಬರುತ್ತದೆ, ಅದು ಕ್ಷಣದಲ್ಲಿ ಕರಗಿಹೋಗುತ್ತದೆ. ನೀಲಿ ಛಾಯೆಯಿದ್ದು, ಸುಟ್ಟ ವಾಸನೆಯೊಂದಿಗೆ ಗಾಳಿಯಲ್ಲಿ ತೂಗಾಡುವುದು ಆಯಿಲಿನ ಹೊಗೆ. ನನ್ನ ಕಾರು ರಾತ್ರಿಯಿಡೀ ನಿಂತು ಬೆಳಿಗ್ಗೆ ಚಾಲೂ ಆದಾಗ ಅಂಥ ಹೊಗೆಯನ್ನು ಒಮ್ಮೆ ಉಗುಳಿ ಸುಮ್ಮನಾಗುತ್ತಿತ್ತು.

ಖಚಿತ ಸುಳಿವು ಸಿಕ್ಕಿದ್ದು ಸಂಪಾಜೆ ಘಾಟಿಯಲ್ಲಿ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಗಾಳಿಯನ್ನು ಒಳಬಿಡುವ ಥ್ರಾಟಲ್ ಮುಚ್ಚಿರುತ್ತದೆ, ಎಂಜಿನ್ ಮಾತ್ರ ವೇಗವಾಗಿ ತಿರುಗುತ್ತಿರುತ್ತದೆ. ಆಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹೋಗುವ ಕೊಳವೆಗಳಲ್ಲಿ) ಉಂಟಾಗುವ ಬಲವಾದ ನಿರ್ವಾತವು ಸೀಲಿನ ರಬ್ಬರು ಮೆದುತನ ಕಳೆದುಕೊಂಡು ಗಡುಸಾಗಿದ್ದರೆ ವಾಲ್ವಿನ ಕಾಂಡದ ಸುತ್ತಲಿಂದ ಆಯಿಲನ್ನು ಒಳಗೆಳೆದುಕೊಳ್ಳುತ್ತದೆ. ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ಕನ್ನಡಿಯಲ್ಲಿ ನೀಲಿ ಹೊಗೆ ಕಾಣುತ್ತಿತ್ತು. ಅದೇ ಘಾಟಿಯನ್ನು ಮಡಿಕೇರಿಗೆ ಹತ್ತುವಾಗ, ಎಂಜಿನ್ನಿನ ಮೇಲೆ ಪೂರ್ತಿ ಭಾರ ಬಿದ್ದಿದ್ದರೂ, ಹೊಗೆ ಇರಲಿಲ್ಲ. ಪಿಸ್ಟನ್ ಸುತ್ತ ಸಿಲಿಂಡರಿಗೆ ಒತ್ತಿ ಕೂರುವ ರಿಂಗುಗಳು ಸವೆದಿದ್ದರೆ ಏರಿನಲ್ಲೇ ಹೊಗೆ ಹೆಚ್ಚಬೇಕಿತ್ತು.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತರಿಸಿಯೂ ನೋಡಿದೆ. ಇಲ್ಲಿ ಒಂದು ಮಾತು ಹೇಳಬೇಕು: ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಶೇಕಡಾ 12–13ರಷ್ಟು ಕಡಿಮೆ. ಸಮುದ್ರಮಟ್ಟದಲ್ಲಿ 180 ಪಿಎಸ್‌ಐ ತೋರುವ ಆರೋಗ್ಯವಂತ ಎಂಜಿನ್ ಇಲ್ಲಿ 157ರ ಆಸುಪಾಸು ತೋರುತ್ತದೆ. ಇದನ್ನು ಗಮನಿಸದೆ ಪುಸ್ತಕದ ಅಂಕಿಗೆ ಹೋಲಿಸಿ ಬೋರ್ ಮಾಡಿಸಿದವರು ಇದ್ದರೂ ಇರಬಹುದು. ನಾಲ್ಕು ಸಿಲಿಂಡರುಗಳ ಒತ್ತಡವೂ ಹೆಚ್ಚುಕಡಿಮೆ ಸಮವಾಗಿತ್ತು; ಪ್ಲಗ್ ರಂಧ್ರದಿಂದ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಹೇಳಿಕೊಳ್ಳುವಷ್ಟು ಏರಿಕೆಯಾಗಲಿಲ್ಲ. ರಿಂಗುಗಳು ಸವೆದಿದ್ದರೆ ಆ ಆಯಿಲ್ ಸಂದು ಮುಚ್ಚಿ ಒತ್ತಡ ಏರಬೇಕಿತ್ತು. ಆದರೂ ಈ ಪರೀಕ್ಷೆ ಮೇಲಿನ ಕಂಪ್ರೆಷನ್ ರಿಂಗುಗಳ ಬಗ್ಗೆ ಮಾತ್ರ ಹೇಳುತ್ತದೆ. ಕೆಳಗಿನ ಆಯಿಲ್ ರಿಂಗು ಇಂಗಾಲ ಕಟ್ಟಿ ಅಂಟಿಕೊಂಡಿದ್ದರೂ ಒತ್ತಡ ಸರಿಯಾಗಿಯೇ ಬರಬಹುದು.

ಸೀಲಿಗೆ ಕೈಹಾಕುವ ಮೊದಲು ಎಂಜಿನ್ನಿನ ಕೆಳಭಾಗದ ಆವಿಯನ್ನು ಗಾಳಿಯ ಕೊಳವೆಗೆ ಮರಳಿಸುವ ಪಿಸಿವಿ ವಾಲ್ವ್ ತೆಗೆದು ಅಲ್ಲಾಡಿಸಿ ನೋಡಿದೆ, ಸರಿಯಿದ್ದರೆ ಬರಬೇಕಾದ ಗಿಲಿಗಿಲಿ ಸದ್ದು ಬರಲಿಲ್ಲ. ಮಳೆಗಾಲದ ಜಿಡ್ಡು ಕಟ್ಟಿಕೊಂಡಿತ್ತು. ಹೊಸದು ಹಾಕಿದ್ದರಿಂದ ಸ್ವಲ್ಪ ವ್ಯತ್ಯಾಸವಾಯಿತು, ಹೊಗೆ ನಿಲ್ಲಲಿಲ್ಲ.

ನನ್ನದು ರಾಕರ್ (ವಾಲ್ವನ್ನು ಒತ್ತುವ ಸನ್ನೆ) ಇರುವ 8 ವಾಲ್ವಿನ ಎಂಜಿನ್ ಆದ್ದರಿಂದ ಹೆಡ್ (ಸಿಲಿಂಡರುಗಳ ಮೇಲಿನ, ವಾಲ್ವುಗಳಿರುವ ಭಾಗ) ಇಳಿಸದೆಯೇ ಸೀಲು ಬದಲಿಸಲು ಸಾಧ್ಯವಾಯಿತು. ಗಾಳಿಯ ಒತ್ತಡದಿಂದ ವಾಲ್ವುಗಳನ್ನು ಮೇಲೆ ಹಿಡಿದಿಡಲು ಮನೆಯಲ್ಲಿ ಕಂಪ್ರೆಸರ್ ಇಲ್ಲದ್ದರಿಂದ ಹಗ್ಗದ ಉಪಾಯ ಹಿಡಿದೆ. ಪಿಸ್ಟನ್ ಇನ್ನೂ ತುದಿ ಮುಟ್ಟದಿರುವಾಗ ಶುಭ್ರವಾದ ನೈಲಾನ್ ಹಗ್ಗವನ್ನು ಪ್ಲಗ್ ರಂಧ್ರದ ಮೂಲಕ ತುಂಬಿಸಿ, ಒಂದು ತುದಿಯನ್ನು ಹೊರಗೇ ಬಿಟ್ಟು, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ ಹಗ್ಗದ ಸುರುಳಿ ವಾಲ್ವುಗಳನ್ನು ಒತ್ತಿ ಹಿಡಿಯುತ್ತದೆ, ಸ್ಪ್ರಿಂಗ್ ಬಿಚ್ಚಿದಾಗ ಅವು ಒಳಗೆ ಬೀಳುವುದಿಲ್ಲ. ಆಯಿಲ್ ಇಳಿಯುವ ರಂಧ್ರಗಳಿಗೆಲ್ಲ ಬಟ್ಟೆ ತುರುಕಿಯೇ ಸ್ಪ್ರಿಂಗ್ ಒತ್ತಬೇಕು, ಏಕೆಂದರೆ ವಾಲ್ವಿನ ಚಿಕ್ಕ ಲಾಕುಗಳಲ್ಲಿ ಒಂದು ಕೆಳಗೆ ಬಿದ್ದರೂ ಎಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಬಿಚ್ಚುವ ಕೆಲಸ ಬೀಳುತ್ತದೆ. ಹೊರಬಂದ ಹಳೆಯ ಸೀಲುಗಳು ರಬ್ಬರಿನ ಗುಣವನ್ನೇ ಕಳೆದುಕೊಂಡು ಉಗುರು ಒತ್ತಿದರೂ ಬಾಗದಂತಾಗಿದ್ದವು.

ಈಗ ಸಂಪಾಜೆ ಇಳಿದ ಮೇಲೆ ಹೊಗೆ ಕಾಣುವುದಿಲ್ಲ. ಆಯಿಲ್ ಇಳಿಯುವುದು ಪೂರ್ತಿ ನಿಂತಿಲ್ಲ. ಉಳಿದ ಅಲ್ಪ ಖರ್ಚಿಗೆ ಆಯಿಲ್ ರಿಂಗೇ ಕಾರಣವಿರಬೇಕು, ಅಷ್ಟಕ್ಕಾಗಿ ಎಂಜಿನ್ ಬಿಚ್ಚುವುದು ನನಗೆ ಸರಿಕಾಣುವುದಿಲ್ಲ. ಏರು ಹತ್ತುವಾಗಲೂ ಎಡೆಬಿಡದೆ ನೀಲಿ ಹೊಗೆ ಬರುವ ಕಾರಿಗೆ ಮಾತ್ರ ಈ ಕೆಲಸ ಮಾಡಬಾರದು, ಅಲ್ಲಿ ಹೆಡ್ ಇಳಿಸಿ ಸಿಲಿಂಡರ್ ಅಳೆಸುವುದೇ ಸರಿಯಾದ ಕ್ರಮ.