ತಪ್ಪು ಆಗುವ ಮೊದಲೇ ಹಿಡಿಯುವುದು ಹೇಗೆ?

11 ವರ್ಷ ವಾರ್ಡ್‌ನಲ್ಲಿ ನರ್ಸ್ ಆಗಿದ್ದೆ. ಈಗ ರೋಗಿಗಳ ಸುರಕ್ಷತೆಯ ಕೆಲಸ ನೋಡಿಕೊಳ್ಳುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲು ಹೇಳುವುದು ಒಂದೇ: ಸುಮ್ನೆ ಆಫೀಸಿನಲ್ಲಿ ಕೂರಬೇಡಿ, ರಾತ್ರಿ ಪಾಳಿಯಲ್ಲಿ ವಾರ್ಡ್ ಸುತ್ತಿ.

ಔಷಧಿ ಟ್ರೇ ನೋಡಿ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ (ಚುಚ್ಚುಮದ್ದಿನ ಪುಟ್ಟ ಸೀಸೆ) ಪಕ್ಕದಲ್ಲೇ ಡಿಸ್ಟಿಲ್ಡ್ ವಾಟರ್ ಇದ್ದರೆ ಅಲ್ಲೇ ನಿಲ್ಲಿ. ಎರಡೂ ನೀರಿನಂತೆಯೇ ಕಾಣುತ್ತವೆ. ಮೊದಲನೆಯದನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗಬಹುದು. ಒಮ್ಮೆ ನನ್ನ ಕೈಯಲ್ಲೇ ಆ ತಪ್ಪು ಆಂಪೂಲ್ ಇತ್ತು. ಲೇಬಲ್ ಎರಡನೇ ಸಲ ಓದಿದ್ದರಿಂದ ರೋಗಿ ಉಳಿದರು. ಆ ರಾತ್ರಿ ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್‌ಗಳನ್ನು ಸಾಮಾನ್ಯ ವಾರ್ಡ್‌ನಿಂದ ಫಾರ್ಮಸಿಗೆ ವಾಪಸ್ ಕಳಿಸಿ. ಐಸಿಯುನಲ್ಲಿ ಬೇಕೇ ಬೇಕು ಎಂದರೆ ಬೇರೆ ಪೆಟ್ಟಿಗೆ, ಬೀಗ, ಎದ್ದು ಕಾಣುವ ಲೇಬಲ್.

ಆಪರೇಷನ್ ಥಿಯೇಟರಿಗೆ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತೆಯ ಪಟ್ಟಿ ಇದೆ. ಅದನ್ನು ಗಟ್ಟಿಯಾಗಿ ಓದಿಸಿ.

ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನು ಬರೆಸಿಕೊಳ್ಳಿ. ಒಂದು ಪುಟದ ಫಾರಂ ಸಾಕು, ಹೆಸರು ಬೇಡ. ‘ಯಾರು ಮಾಡಿದ್ದು?’ ಎಂದು ಕೇಳಿದರೆ ಮುಂದಿನ ಫಾರಂ ಬರುವುದೇ ಇಲ್ಲ. ಬೆಳಕು ಕಡಿಮೆ ಇತ್ತಾ, ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳಿದ್ದರು ಎಂದು ಕೇಳಿ. ಏನು ಬದಲಾಯಿತು ಎಂಬುದನ್ನು ವಾರದೊಳಗೆ ವಾರ್ಡ್‌ಗೆ ಹೋಗಿ ನೀವೇ ತಿಳಿಸಿ.