ಬೋಟಿನ ಆಳ, ನೀರಿನ ಬಿಸಿ: ಎರಡು ಸೆನ್ಸರ್‌ಗಳ ಜೊತೆ ನನ್ನ ಗುದ್ದಾಟ

ನನ್ನದು ಸಣ್ಣ ಬೋಟು. ಫೈಬರ್‌ಗ್ಲಾಸ್ ಒಡಲು, ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್, ಚುಕ್ಕಾಣಿ ಪಕ್ಕ ಒಂದು ಸ್ಕ್ರೀನು. ಆ ಸ್ಕ್ರೀನಿನ ಮೂಲೆಯಲ್ಲಿ ಎರಡು ಅಂಕಿ ಕಾಣುತ್ತವೆ: ಕೆಳಗೆ ಎಷ್ಟು ಆಳ ಇದೆ, ನೀರು ಎಷ್ಟು ಬೆಚ್ಚಗಿದೆ. ಎರಡನ್ನೂ ನಂಬೋ ಹಾಗಿರಲಿಲ್ಲ. ನಿಧಾನವಾಗಿ ಹೋಗುವಾಗ ಆಳ ಸರಿಯಾಗಿಯೇ ಬರುತ್ತಿತ್ತು. ಸ್ವಲ್ಪ ವೇಗ ಕೊಟ್ಟರೆ ಅಂಕಿ ಮಿನುಗಿ ನಿಂತುಬಿಡುತ್ತಿತ್ತು. ಆಮೇಲೆ ನಾಲ್ಕು ಮೀಟರ್ ಇರುವ ಕಡೆ ಒಮ್ಮೆ 1.2, ಒಮ್ಮೆ 27. ನೀರಿನ ಉಷ್ಣತೆಯಂತೂ ಯಾವಾಗಲೂ ಎರಡು ಮೂರು ಡಿಗ್ರಿ ಜಾಸ್ತಿ.

‘ಸೆನ್ಸರ್ ಹೋಗಿದೆ ಸರ್, ಹೊಸದು ಹಾಕಿಸಿಬಿಡಿ’ ಅಂದರು ಮೆಕ್ಯಾನಿಕ್. ನನಗೆ ಅದು ಒಪ್ಪಿಗೆಯಾಗಲಿಲ್ಲ. ಆಳ ನೋಡುವ ಟ್ರಾನ್ಸ್‌ಡ್ಯೂಸರ್ ಒಳಗೆ ಇರುವುದು ಒಂದು ಸೆರಾಮಿಕ್ ಬಿಲ್ಲೆ. ಕರೆಂಟ್ ಕೊಟ್ಟರೆ ಅದು ನಡುಗಿ ಶಬ್ದ ಕಳಿಸುತ್ತದೆ, ತಳಕ್ಕೆ ಬಡಿದು ವಾಪಸ್ ಬಂದ ಶಬ್ದಕ್ಕೆ ಮತ್ತೆ ನಡುಗಿ ಕರೆಂಟ್ ಮಾಡುತ್ತದೆ. ಅಷ್ಟೇ. ಬಿಲ್ಲೆ ಬಿರುಕು ಬಿಡಬಹುದು, ಕೇಬಲ್ ಒಳಗೆ ನೀರು ಹೋಗಬಹುದು. ಆದರೆ ಹಾಗೆ ಕೆಟ್ಟ ಸೆನ್ಸರ್ ನಿಧಾನಕ್ಕೆ ಹೋದರೆ ಸರಿ, ಜೋರಾಗಿ ಹೋದರೆ ತಪ್ಪು ಅಂತ ವೇಗ ನೋಡಿಕೊಂಡು ಕೆಡುವುದಿಲ್ಲ, ಅಲ್ವಾ?

ಮೊದಲು ಬೇಕಾಗಿದ್ದು ಸ್ಕ್ರೀನಿಗೆ ಸಂಬಂಧವೇ ಇಲ್ಲದ ಒಂದು ಅಳತೆ. ಹಿಗ್ಗದ ಹೆಣೆದ ಹಗ್ಗ ತಂದು, ನೀರಲ್ಲಿ ನೆನೆಸಿ, ಎಳೆದು, ಆಮೇಲೆ ಪ್ರತಿ ಅರ್ಧ ಮೀಟರಿಗೆ ಬಣ್ಣದ ದಾರ ಸುತ್ತಿದೆ. ಒಣ ಹಗ್ಗಕ್ಕೆ ಗುರುತು ಹಾಕಿದರೆ ನೆನೆದ ಮೇಲೆ ಉದ್ದ ಬದಲಾಗುತ್ತದೆ, ಅದಕ್ಕೇ ನೆನೆಸುವುದು. ತುದಿಗೆ ಸೀಸದ ಗುಂಡು. ಗುಂಡಿನ ಅಡಿಯಲ್ಲಿ ಒಂದು ಚಿಕ್ಕ ಗುಳಿ ಕೊರೆದು ಗ್ರೀಸ್ ಒತ್ತಿದೆ. ಹಿಂದಿನ ಕಾಲದ ನಾವಿಕರು ಅಲ್ಲಿ ಪ್ರಾಣಿ ಕೊಬ್ಬು ತುಂಬುತ್ತಿದ್ದರು. ಗುಂಡು ಮೇಲೆ ಬಂದಾಗ ಅದಕ್ಕೆ ಮರಳು ಅಂಟಿದೆಯೋ, ಕೆಸರೋ, ಏನೂ ಅಂಟಿಲ್ಲವೋ ಅಂತ ನೋಡಿದರೆ ತಳ ಎಂಥದ್ದು ಅಂತ ಗೊತ್ತಾಗುತ್ತದೆ. ಇದು ಮುಂದೆ ಉಪಯೋಗಕ್ಕೆ ಬಂತು.

ಗಾಳಿ ಇಲ್ಲದ ಹೊತ್ತಲ್ಲಿ ಎಂಜಿನ್ ನಿಲ್ಲಿಸಿ, ಸೆನ್ಸರ್ ಪಕ್ಕದಲ್ಲೇ ಹಗ್ಗ ಬಿಟ್ಟು, ಬೇರೆ ಬೇರೆ ಆಳದಲ್ಲಿ ಎರಡನ್ನೂ ಹೋಲಿಸಿದೆ. ವ್ಯತ್ಯಾಸ ಎಲ್ಲ ಕಡೆ ಒಂದೇ. ಹಾಗಿದ್ದರೆ ಅದು ದೋಷವೇ ಅಲ್ಲ. ಹಗ್ಗ ನೀರಿನ ಮೇಲ್ಮೈಯಿಂದ ಅಳೆಯುತ್ತದೆ, ಸೆನ್ಸರ್ ತಾನು ಕೂತಿರುವ ಜಾಗದಿಂದ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಕೀಲ್ ಆಫ್‌ಸೆಟ್ ಅಂತ ಇರುತ್ತದೆ. ಪ್ಲಸ್ ಅಂಕಿ ಹಾಕಿದರೆ ಮೇಲ್ಮೈಯಿಂದ ಆಳ ತೋರಿಸುತ್ತದೆ. ಮೈನಸ್ ಹಾಕಿದರೆ ಬೋಟಿನ ಅತಿ ಕೆಳಗಿನ ಭಾಗದಿಂದ ತಳಕ್ಕೆ ಎಷ್ಟು ಜಾಗ ಉಳಿದಿದೆ ಅಂತ. ನಕ್ಷೆಯ ಆಳದ ಜೊತೆ ತಾಳೆ ನೋಡುವವರಿಗೆ ಮೊದಲನೆಯದು ಅನುಕೂಲ. ನನ್ನ ಬೋಟಲ್ಲಿ ಮೊದಲು ತಳಕ್ಕೆ ತಾಗುವುದು ಎಂಜಿನ್ನಿನ ಕೆಳತುದಿ. ಅದು ಸೆನ್ಸರ್‌ಗಿಂತ 30 ಸೆಂಟಿಮೀಟರ್ ಕೆಳಗಿದೆ. ಹಾಗಾಗಿ ಮೈನಸ್ 0.3 ಹಾಕಿದೆ. ಬೇರೆಯವರ ಬೋಟು ಹತ್ತಿದರೆ ನಾನು ಮೊದಲು ಕೇಳುವುದು ಇದನ್ನೇ: ಈ ಅಂಕಿ ಎಲ್ಲಿಂದ ಎಲ್ಲಿಗೆ?

ಶಬ್ದದ ವೇಗ ಬದಲಾಗುತ್ತೆ, ಅದಕ್ಕೇ ಆಳ ತಪ್ಪು ಬರುತ್ತೆ ಅನ್ನುವವರಿದ್ದಾರೆ. ಬದಲಾಗುವುದು ನಿಜ. ಯಂತ್ರ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 1,500 ಮೀಟರ್ ಅಂತ ಹಿಡಿದುಕೊಳ್ಳುತ್ತದೆ. 20 ಡಿಗ್ರಿಯ ಸಿಹಿನೀರಲ್ಲಿ ನಿಜವಾದ ವೇಗ ಸುಮಾರು 1,482. ಅಂದರೆ ಶೇಕಡಾ ಒಂದರಷ್ಟು ವ್ಯತ್ಯಾಸ. ನಾಲ್ಕು ಮೀಟರ್ ಆಳಕ್ಕೆ ಐದು ಸೆಂಟಿಮೀಟರ್ ಕೂಡ ಆಗುವುದಿಲ್ಲ. 4 ಅನ್ನುವುದು 27 ಆಗಲು ಅದು ಕಾರಣ ಅಲ್ಲ.

ಇನ್ನು ವೇಗದ ವಿಷಯ. ಚುಕ್ಕಾಣಿಯನ್ನು ಗೆಳೆಯನ ಕೈಗೆ ಕೊಟ್ಟು, ಲೈಫ್ ಜಾಕೆಟ್ ಹಾಕಿಕೊಂಡು ನಾನು ಹಿಂಬದಿಯಲ್ಲಿ ಕೂತೆ. ಎಂಜಿನ್ ಆರ್‌ಪಿಎಂ ಎಷ್ಟಾದಾಗ ಅಂಕಿ ನಿಲ್ಲುತ್ತದೆ ಅಂತ ಅವನು ಕೂಗಿ ಹೇಳುತ್ತಿದ್ದ, ನಾನು ನೀರು ನೋಡುತ್ತಿದ್ದೆ. ಒಂದು ಹಂತ ದಾಟುತ್ತಿದ್ದ ಹಾಗೆ ಬೋಟಿನ ಅಡಿಯಿಂದ ಬಿಳಿ ನೊರೆಯ ಒಂದು ಪಟ್ಟಿ ಬಂದು ಸರಿಯಾಗಿ ಸೆನ್ಸರ್ ಮುಖದ ಮೇಲೇ ಹರಿಯುತ್ತಿತ್ತು. ಒಡಲಿನ ಅಡಿಯಲ್ಲಿ ಉದ್ದಕ್ಕೂ ಏಣುಗಳಿರುತ್ತವಲ್ಲ, ಅದರಲ್ಲಿ ಒಂದು ಸೆನ್ಸರ್ ಮುಂದೆಯೇ ಮುಗಿಯುತ್ತಿತ್ತು. ಅಲ್ಲಿಂದ ಗುಳ್ಳೆ ಹುಟ್ಟುತ್ತಿತ್ತು. ಶಬ್ದಕ್ಕೆ ನೀರಿನೊಳಗಿನ ಗಾಳಿ ಗೋಡೆ ಇದ್ದ ಹಾಗೆ. ಅಲ್ಯುಮಿನಿಯಂ ಬೋಟಾದರೆ ರಿವೆಟ್ ಸಾಲು ಕೂಡ ಇದೇ ಕೆಲಸ ಮಾಡುತ್ತದೆ.

ಸೆನ್ಸರನ್ನು ಎರಡು ಏಣುಗಳ ಮಧ್ಯದ ನುಣುಪು ಜಾಗಕ್ಕೆ ಸರಿಸಿದೆ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ದಿಕ್ಕಲ್ಲಿ ತಿರುಗುವುದಾದರೆ ಬಲಗಡೆ ಹಾಕಬೇಕು. ಆ ಕಡೆ ರೆಕ್ಕೆಗಳು ಕೆಳಮುಖವಾಗಿ ಹೋಗುತ್ತವೆ, ಗುಳ್ಳೆ ಕಮ್ಮಿ. ಸೆನ್ಸರ್ ಮುಖ ಒಡಲಿನ ತಳಕ್ಕಿಂತ ಕೆಲವೇ ಮಿಲಿಮೀಟರ್ ಕೆಳಗಿರಬೇಕು. ತೀರಾ ಕೆಳಗೆ ಹೋದರೆ ಹಿಂದೆ ನೀರಿನ ಕಾರಂಜಿ ಏಳುತ್ತದೆ, ಮೇಲೆ ಹೋದರೆ ಗುಳ್ಳೆಯ ಪದರದಲ್ಲಿ ಸಿಕ್ಕಿಕೊಳ್ಳುತ್ತದೆ. ಸರಿಯಾದ ಎತ್ತರ ಸಿಗುವವರೆಗೆ ಅಷ್ಟಷ್ಟೇ ಸರಿಸಿ ಓಡಿಸಿ ನೋಡಬೇಕು, ಬೇರೆ ದಾರಿ ಇಲ್ಲ. ಪ್ರತಿ ಸಲ ಬೋಟಿಗೆ ತೂತು ಹೊಡೆಯಬಾರದು ಅಂತ ಹಿಂಬದಿಗೆ ದಪ್ಪ ಪ್ಲಾಸ್ಟಿಕ್ ಹಲಗೆ ಅಂಟಿಸಿ, ಸ್ಕ್ರೂಗಳನ್ನೆಲ್ಲ ಅದರಲ್ಲೇ ಕೂರಿಸಿದೆ. ಹಳೇ ತೂತುಗಳಿಗೆ ಎಪಾಕ್ಸಿ ತುಂಬಿದೆ. ತುಂಬಾ ಬೋಟುಗಳ ಹಿಂಬದಿಯಲ್ಲಿ ಫೈಬರ್ ಒಳಗೆ ಮರ ಇರುತ್ತದೆ. ತೂತಿನಿಂದ ನೀರು ಇಳಿದರೆ ಆ ಮರ ಒಳಗೊಳಗೇ ಕೊಳೆಯುತ್ತದೆ. ಸೆನ್ಸರ್ ರಿಪೇರಿಗಿಂತ ಅದು ಎಷ್ಟೋ ದೊಡ್ಡ ತಲೆನೋವು.

ಈಗ ಮಧ್ಯಮ ವೇಗದವರೆಗೂ ಅಂಕಿ ಅಲುಗುವುದಿಲ್ಲ. ಪೂರ್ತಿ ವೇಗದಲ್ಲಿ ಆಗಾಗ ತಪ್ಪುತ್ತದೆ. ಅದನ್ನು ಬಿಟ್ಟುಬಿಟ್ಟಿದ್ದೇನೆ. ಆಳ ಕಮ್ಮಿ ಇರುವ ಕಡೆ ಪೂರ್ತಿ ವೇಗದಲ್ಲಿ ಹೋಗುವ ಕೆಲಸ ನನಗಿಲ್ಲ.

ಆದರೆ 27 ಮಾತ್ರ ಗುಳ್ಳೆಯ ಲೆಕ್ಕಕ್ಕೆ ಸಿಗಲಿಲ್ಲ. ಬೋಟು ಕಟ್ಟಿಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿದರೂ ಅಂಕಿ ಹಾರುತ್ತಿತ್ತು. ನೀರು ಹರಿಯುತ್ತಲೇ ಇಲ್ಲ, ಹಾಗಾಗಿ ಇದು ಕರೆಂಟಿನ ತಂಟೆ. ಕೇಬಲ್ ಹಿಡಿದುಕೊಂಡು ಹೋದರೆ ಅದನ್ನು ಎಂಜಿನ್ ವೈರುಗಳ ಜೊತೆ ಒಂದೇ ಕಟ್ಟಾಗಿ ಬಿಗಿದಿದ್ದರು. ಬಿಡಿಸಿ ಬೇರೆ ಪಕ್ಕದಿಂದ ತಂದೆ. ಜಾಸ್ತಿ ಉಳಿದ ಕೇಬಲನ್ನು ಕತ್ತರಿಸದೆ ಸಡಿಲವಾಗಿ ಸುತ್ತಿಟ್ಟೆ. ಟ್ರಾನ್ಸ್‌ಡ್ಯೂಸರ್ ಕೇಬಲ್ ಕತ್ತರಿಸಿ ಜೋಡಿಸಿದರೆ ಅದರ ಮೇಲಿನ ರಕ್ಷಾಕವಚ ಮುರಿಯುತ್ತದೆ, ಆ ಜಾಗದಿಂದ ಬೇರೆ ವೈರುಗಳ ಕರೆಂಟಿನ ಗಲಾಟೆಯೂ ನುಗ್ಗುತ್ತದೆ, ನೀರೂ ನುಗ್ಗುತ್ತದೆ. ಆಮೇಲೆ ಪಂಪು, ರೇಡಿಯೊ, ಎಲ್‌ಇಡಿ ದೀಪ ಒಂದೊಂದೇ ಆಫ್ ಮಾಡಿ ನೋಡಿದೆ. ದೀಪ ಆಫ್ ಆದಾಗ ಈ ಗಲಾಟೆಯಿಂದ ಪರದೆಯ ಮೇಲೆ ಬರುತ್ತಿದ್ದ ಚುಕ್ಕೆಗಳು ಎದ್ದು ಕಾಣುವಷ್ಟು ಕಮ್ಮಿಯಾದವು. ಸ್ಕ್ರೀನಿಗೆ ಬ್ಯಾಟರಿಯಿಂದ ನೇರವಾಗಿ, ತನ್ನದೇ ಫ್ಯೂಸ್ ಇರುವ ಬೇರೆ ವೈರ್ ಎಳೆದೆ. ಹಳೇ ನೆಗೆಟಿವ್ ತುದಿ ಹಸಿರುಗಟ್ಟಿತ್ತು. ಅಲ್ಲಿಗೆ 27 ನಿಂತಿತು. ಪಕ್ಕದಲ್ಲೇ ಇನ್ನೊಂದು ಬೋಟು ನನ್ನದರ ಹಾಗೇ 200 ಕಿಲೋಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ ಶಬ್ದ ಕಳಿಸುವ ಸೆನ್ಸರ್ ಹಾಕಿಕೊಂಡು ನಿಂತರೆ ಇವತ್ತಿಗೂ ಪರದೆ ತುಂಬ ಗೀರು ಬರುತ್ತದೆ. ದೂರ ಹೋದರೆ ಸರಿಹೋಗುತ್ತದೆ.

ಇದಲ್ಲದೆ ಇನ್ನೊಂದು ಚಾಳಿಯೂ ಇತ್ತು: ಎರಡು ಮೀಟರ್ ಇರುವ ಕಡೆ ನಾಲ್ಕು ತೋರಿಸುವುದು. ಅದರ ಕಾರಣವೇ ಬೇರೆ. ಹಗ್ಗ ಬಿಟ್ಟಾಗ ಗ್ರೀಸಿಗೆ ಏನೂ ಅಂಟುತ್ತಿರಲಿಲ್ಲ. ಅಂದರೆ ಕಲ್ಲುತಳ. ಗಟ್ಟಿ ತಳದಿಂದ ಶಬ್ದ ಜೋರಾಗಿ ವಾಪಸ್ ಬಂದು, ನೀರಿನ ಮೇಲ್ಮೈಗೆ ಬಡಿದು, ಮತ್ತೆ ತಳಕ್ಕೆ ಹೋಗಿ ಬರುತ್ತದೆ. ಯಂತ್ರ ಈ ಎರಡನೇ ಪ್ರತಿಧ್ವನಿ ಹಿಡಿದುಕೊಂಡರೆ ಆಳ ಎರಡು ಪಟ್ಟು. ಸೂಕ್ಷ್ಮತೆಯನ್ನು ಆಟೋದಿಂದ ತೆಗೆದು ಕೈಯಾರೆ ಇಳಿಸಿದೆ, ಹೋಯಿತು. ಮೀನಿನ ಹಿಂಡಿಗೋ ನೀರಗಿಡಕ್ಕೋ ಹೆದರಿ ಆಳ ಕಮ್ಮಿ ತೋರಿಸಿದರೆ ನಷ್ಟವಿಲ್ಲ, ಸುಮ್ನೆ ನಿಧಾನ ಮಾಡುತ್ತೇವೆ. ಜಾಸ್ತಿ ತೋರಿಸಿದರೆ ಬೋಟು ಕಲ್ಲಿಗೆ. ಆದ್ದರಿಂದ ನಾನು ಸಮಯ ಕೊಟ್ಟಿದ್ದು ಜಾಸ್ತಿ ತೋರಿಸುವ ತಪ್ಪುಗಳಿಗೆ.

ಸೆನ್ಸರ್ ಮುಖ ಸ್ವಚ್ಛ ಮಾಡುವುದು ದೊಡ್ಡ ಕೆಲಸವಲ್ಲ. ಪಾಚಿಗೆ ಮೆದು ಬಟ್ಟೆ, ಪಾತ್ರೆ ತೊಳೆಯುವ ಸೋಪು ಸಾಕು. ಚಾಕು, ಅಸಿಟೋನ್ ಬೇಡ. ಬೋಟಿನ ತಳಕ್ಕೆ ಬಳಿಯುವ ಪೇಂಟನ್ನೇ ಅದಕ್ಕೂ ಬಳಿಯಬಾರದು, ಅದರಲ್ಲಿರುವ ದ್ರಾವಕ ಪ್ಲಾಸ್ಟಿಕ್ ತಿನ್ನಬಹುದು. ಟ್ರಾನ್ಸ್‌ಡ್ಯೂಸರ್‌ಗೆಂದೇ ನೀರಿನಲ್ಲಿ ಕಲಸಿದ ಪೇಂಟು ಸಿಗುತ್ತದೆ, ಅದನ್ನು ತೆಳ್ಳಗೆ ಬಳಿಯಬೇಕು.

ಉಷ್ಣತೆಯ ಸೆನ್ಸರ್ ಅದೇ ಟ್ರಾನ್ಸ್‌ಡ್ಯೂಸರ್ ಮೈಯೊಳಗಿದೆ. ಅದೊಂದು ಥರ್ಮಿಸ್ಟರ್. ಬಿಸಿ ಏರಿದರೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ನನ್ನದರಲ್ಲಿರುವುದು ಸಾಮಾನ್ಯ ತರಹದ್ದು, 25 ಡಿಗ್ರಿಗೆ 10 ಕಿಲೋ ಓಮ್. ಸೊನ್ನೆ ಡಿಗ್ರಿಗೆ 32, 33 ಕಿಲೋ ಓಮ್ ಆಗುತ್ತದೆ. 25ರ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ಸುಮಾರು 400 ಓಮ್ ವ್ಯತ್ಯಾಸ. ಈ ಒಂದು ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಪಿನ್ನಿಗೆ ತುಕ್ಕು ಹಿಡಿದು ನಾಲ್ಕೈದು ಓಮ್ ಸೇರಿಕೊಂಡರೆ ಅಂಕಿ ಅಲುಗುವುದೂ ಇಲ್ಲ. ಪಿನ್ ತೀರಾ ಹಾಳಾಗಿ ರೆಸಿಸ್ಟೆನ್ಸ್ ಜಾಸ್ತಿಯಾದರೂ ನೀರು ತಣ್ಣಗೆ ಕಾಣಬೇಕೇ ಹೊರತು ಬಿಸಿಯಲ್ಲ. ನನ್ನದು ಬಿಸಿ ತೋರಿಸುತ್ತಿತ್ತು. ಅಂದರೆ ಎರಡು ವೈರುಗಳ ಮಧ್ಯೆ ಕರೆಂಟ್ ಎಲ್ಲೋ ಕದ್ದು ಹರಿಯುತ್ತಿದೆ.

ಬಕೆಟ್ಟಿನಲ್ಲಿ ನೀರು ತುಂಬಿ, ನೆರಳಲ್ಲಿಟ್ಟು, ಕಲಕಿ, ಗಾಜಿನ ಥರ್ಮಾಮೀಟರ್ ಇಳಿಬಿಟ್ಟೆ. 26 ಡಿಗ್ರಿ. ಸೆನ್ಸರನ್ನೂ ಅದರಲ್ಲೇ ಮುಳುಗಿಸಿ, ಪ್ಲಗ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. 9.6 ಬರಬೇಕಾದ ಕಡೆ 8.6 ಕಿಲೋ ಓಮ್. ಅದೂ ಒಂದೇ ಕಡೆ ನಿಲ್ಲುತ್ತಿರಲಿಲ್ಲ, ನಿಧಾನಕ್ಕೆ ಜಾರುತ್ತಿತ್ತು. ಮೀಟರಿನ ಎರಡು ಕಡ್ಡಿ ಅದಲುಬದಲು ಮಾಡಿದರೆ ಬೇರೆ ಅಂಕಿ. ಒಳ್ಳೆಯ ಥರ್ಮಿಸ್ಟರ್ ಹೀಗೆ ಮಾಡುವುದಿಲ್ಲ, ಉಪ್ಪುನೀರಿನ ಪಸೆ ಮಾಡುತ್ತದೆ. ಟಾರ್ಚ್ ಹಿಡಿದು ಪ್ಲಗ್ ಒಳಗೆ ನೋಡಿದರೆ ಎರಡು ಪಿನ್ನಿನ ನಡುವೆ ತೆಳ್ಳಗೆ ಬಿಳಿ-ಹಸಿರು ಪುಡಿ. ಸಿಹಿನೀರಲ್ಲಿ ತೊಳೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪೂರ್ತಿ ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಯಲು ಬಿಡದ, ನೀರು ತಡೆಯುವ ಗ್ರೀಸ್) ಹಚ್ಚಿದೆ. ಮೀಟರ್ 9.5ರ ಮೇಲೆ ಬಂದು ನಿಂತಿತು. ಸ್ಕ್ರೀನಿನ ಅಂಕಿಯೂ ಇಳಿಯಿತು. ಸೆಟ್ಟಿಂಗ್ಸ್‌ನಲ್ಲಿ ಎರಡು ಡಿಗ್ರಿ ಕಳೆದು ಕೂತಿದ್ದರೆ ಪಸೆ ಒಣಗಿದ ದಿನ ಎರಡು ಡಿಗ್ರಿ ಕಮ್ಮಿ ತೋರಿಸುತ್ತಿತ್ತು.

ಈಗಲೂ ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ ಉಷ್ಣತೆ ಮೆಲ್ಲಗೆ ಏರುತ್ತದೆ. ಎಂಜಿನ್ ತಣ್ಣಗಾಗಿಸಿ ಹೊರಬರುವ ಬೆಚ್ಚನೆ ನೀರು ಸೆನ್ಸರ್ ಪಕ್ಕದಲ್ಲೇ ಬೀಳುತ್ತದಲ್ಲ, ಅದು. ಸೆನ್ಸರ್ ನಿಜವನ್ನೇ ಹೇಳುತ್ತಿದೆ.

ಇದೆಲ್ಲ ನೋಡಿ ಗೆಳೆಯ ತನ್ನ ಬೋಟಿಗೂ ಕರೆದ. ಅವನದು ಸ್ವಲ್ಪ ದೊಡ್ಡದು, ಎನ್‌ಎಂಇಎ 2000 ಜಾಲ ಇದೆ, ಅಂದರೆ ಬೋಟಿನ ಸೆನ್ಸರ್, ಸ್ಕ್ರೀನು ಎಲ್ಲವೂ ಒಂದೇ ಕೇಬಲ್ ಸಾಲಿನಲ್ಲಿ ಮಾಹಿತಿ ಹಂಚಿಕೊಳ್ಳುವ ವ್ಯವಸ್ಥೆ. ಆಳ, ಉಷ್ಣತೆ ಎರಡೂ ಆಗಾಗ ಮಾಯವಾಗಿ ಅಂಕಿಯ ಜಾಗದಲ್ಲಿ ಬರೀ ಗೆರೆ ಬರುತ್ತಿತ್ತು. ಎರಡೂ ಒಟ್ಟಿಗೇ ಹೋದರೆ ನಾನು ಸೆನ್ಸರ್ ಮುಟ್ಟುವುದಿಲ್ಲ, ಮೊದಲು ಜಾಲ ನೋಡುತ್ತೇನೆ. ಪವರ್ ತೆಗೆದು ಎರಡು ಡೇಟಾ ವೈರುಗಳ ಮಧ್ಯೆ ಅಳೆದರೆ 60 ಓಮ್ ಇರಬೇಕು, ಸಾಲಿನ ಎರಡು ತುದಿಯಲ್ಲಿ ಎರಡು 120 ಓಮ್ ಟರ್ಮಿನೇಟರ್ (ತುದಿಗೆ ಹಾಕುವ ರೆಸಿಸ್ಟರ್) ಇರುವುದರಿಂದ. ಅವನದು 120 ತೋರಿಸಿತು. ಒಂದು ಟರ್ಮಿನೇಟರ್ ಸಡಿಲವಾಗಿ ಬೆಂಚಿನ ಕೆಳಗೆ ಬಿದ್ದಿತ್ತು. ಇನ್ನೊಂದು ವಿಷಯ: ಒಂದೇ ಜಾಲದಲ್ಲಿ ನೀರಿನ ಉಷ್ಣತೆ ಕೊಡುವವು ಎರಡಿದ್ದರೆ ಸ್ಕ್ರೀನು ತನಗೆ ತೋಚಿದ್ದನ್ನು ಆರಿಸಿಕೊಳ್ಳುತ್ತದೆ. ಮೂಲ ಯಾವುದು ಅಂತ ನಾವೇ ಹೇಳಿಬಿಡುವುದು ಒಳ್ಳೆಯದು.

ನಿಜವಾಗಿಯೂ ಸತ್ತ ಟ್ರಾನ್ಸ್‌ಡ್ಯೂಸರನ್ನೂ ನೋಡಿದ್ದೇನೆ, ಅದೇ ಗೆಳೆಯನ ಹಳೇ ಬೋಟಲ್ಲಿ. ಯಂತ್ರ ಆನ್ ಇದ್ದಾಗ ಕಿವಿ ಹತ್ತಿರ ಹಿಡಿದರೆ ತುಂಬಾ ಟ್ರಾನ್ಸ್‌ಡ್ಯೂಸರ್‌ಗಳು ಟಿಕ್ ಟಿಕ್ ಅನ್ನುತ್ತವೆ. ಅದು ಅನ್ನಲಿಲ್ಲ. ಪ್ಲಗ್, ಪವರ್ ಎಲ್ಲ ಸರಿಯಿತ್ತು. ಕೇಬಲ್ ಮೇಲೆ ಬೆರಳಾಡಿಸುತ್ತಾ ಬಂದರೆ ಹಿಂಬದಿಯ ಮೂಲೆಯಲ್ಲಿ ಸಿಪ್ಪೆ ಸವೆದು ಒಳಗಿನ ಹೆಣಿಗೆ ಕಪ್ಪಾಗಿತ್ತು. ಅದಕ್ಕೆ ಹೊಸದೇ ಹಾಕಿದೆವು. ಅದೇ ಫ್ರೀಕ್ವೆನ್ಸಿ, ಅದೇ ಪ್ಲಗ್ ಇರುವುದನ್ನು ನೋಡಿ ತಂದು, ಕೇಬಲ್ ಆ ಮೂಲೆಗೆ ಉಜ್ಜದ ಹಾಗೆ ಒಂದು ರಬ್ಬರ್ ತುಂಡು ಸುತ್ತಿದೆವು.