ಹಳ್ಳ ಕೊಟ್ಟಷ್ಟೇ ಕರೆಂಟು

ಹೊಸನಗರದ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಕರೆಂಟಿನ ಆಸೆ ಬಿಡಬೇಕು. ಲೈನಿನ ಮೇಲೆ ಮರ ಬಿದ್ದರೆ ವಾರಗಟ್ಟಲೆ ಕತ್ತಲು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಬೆಳಕು ಊರೂರಿಗೆ ಹೋಯಿತು, ಮುಳುಗಿದ್ದು ನಮ್ಮ ಕಡೆಯ ಗದ್ದೆ ತೋಟ. ಅದಿರಲಿ. ನಾನು ಮನೆ ಹಿಂದಿನ ಹಳ್ಳಕ್ಕೇ ಪುಟ್ಟ ಟರ್ಬೈನ್ ಕೂರಿಸಿದೆ.

ಮೊದಲ ಕೆಲಸ ಅಳತೆ. ಜಡಿಮಳೆಯಲ್ಲಿ ಅಳೆದರೆ ಮೋಸ, ದೀಪಾವಳಿ ಹೊತ್ತಿಗೆ ಅಳೆಯಬೇಕು. ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದೆ, 4 ಸೆಕೆಂಡಿಗೆ ತುಂಬಿತು. ಸೆಕೆಂಡಿಗೆ 5 ಲೀಟರ್. ನೀರು ಇಳಿಯುವ ಎತ್ತರ 25 ಮೀಟರ್. 5 ಇಂಟು 25 ಇಂಟು ಗುರುತ್ವದ 9.8, ಅಂದರೆ 1,225 ವ್ಯಾಟ್. ಪೈಪು, ಟರ್ಬೈನು, ಜನರೇಟರು ತಮ್ಮ ಪಾಲು ತಿಂದು ಕೈಗೆ ಸಿಗುವುದು ಹೆಚ್ಚುಕಮ್ಮಿ ಅರ್ಧ, 600 ವ್ಯಾಟ್. ಎಷ್ಟು ದುಡ್ಡು ಸುರಿದರೂ ಈ ಲೆಕ್ಕ ಬಗ್ಗುವುದಿಲ್ಲ.

ಇಷ್ಟೇನಾ ಅನ್ನಬೇಡಿ. ಹಗಲೂ ರಾತ್ರಿ ತಿರುಗುವುದರಿಂದ ದಿನಕ್ಕೆ 14 ಯೂನಿಟ್ ಆಗುತ್ತದೆ, ಮನೆಗೆ ಜಾಸ್ತಿಯೇ. ಕಷ್ಟ ಇರುವುದು ಎಲ್ಲ ಒಟ್ಟಿಗೆ ಹಾಕುವುದರಲ್ಲಿ. "ರೀ, ಚಟ್ನಿಗೆ ಮಿಕ್ಸಿ ಹಾಕ್ತೀನಿ, ಫ್ರಿಜ್ ಆರಿಸಿ" ಎಂದು ಅಡುಗೆಮನೆಯಿಂದ ಕೂಗು ಬರುತ್ತದೆ. ಯಾರೂ ಬಳಸದ ಕರೆಂಟನ್ನು ಲೋಡ್ ಕಂಟ್ರೋಲರ್ ಬಚ್ಚಲ ಹಂಡೆಯ ಕಾಯಿಲ್‌ಗೆ ತಿರುಗಿಸುತ್ತದೆ. ಬೆಳಿಗ್ಗೆ ಎದ್ದರೆ ಬಿಸಿನೀರು ತಯಾರು. ಸ್ನಾನಕ್ಕೆ ಸೌದೆ ಕಡಿಯುವುದು ನಿಂತಿದೆ. ಇದನ್ನು ಕೆಲವರು ಹಿಂದಕ್ಕೆ ಹೋಗುವುದು ಅಂತಾರೆ. ಊರಿಡೀ ಕತ್ತಲಿದ್ದಾಗ ನಮ್ಮ ಮಕ್ಕಳು ಓದುತ್ತಿರುತ್ತಾರೆ, ಯಾವ ಲೈನ್‌ಮ್ಯಾನ್‌ಗೂ ಕಾಯಬೇಕಿಲ್ಲ. ಹಿಂದಕ್ಕೆ ಹೋಗುವುದು ಅಂದರೆ ಇದೇನಾ?

ಕಿರಿಕಿರಿ ಇಲ್ಲವೆಂದಲ್ಲ. ನೀರು ಪೈಪಿಗೆ ಹೊಗುವ ಕಡೆಯ ಜಾಳಿಗೆಗೆ ದರಗು, ಅಂದರೆ ಒಣ ಎಲೆ, ಕಟ್ಟಿಕೊಂಡರೆ ಬಲ್ಬು ಮಂಕಾಗುತ್ತದೆ. ಮಳೆಯಲ್ಲೇ ಹತ್ತಿ ಹೋಗಿ ಬಳಿದು ತೆಗೆಯಬೇಕು, ರಕ್ತ ಹೀರುವ ಉಂಬಳಗಳಿಗೆ ಹಬ್ಬ.

ಒಂದು ಮಾತ್ರ ಖಂಡಿತ ಗಮನಿಸಿ. ಟರ್ಬೈನಿಗೆ ನೀರು ಖರ್ಚಾಗುವುದಿಲ್ಲ, ವಾಪಸ್ ಹಳ್ಳಕ್ಕೇ ಸೇರುತ್ತದೆ ಅನ್ನುತ್ತಾರೆ. ನಿಜ. ಆದರೆ ನೀರನ್ನು ಪೈಪಿಗೆ ತಿರುಗಿಸಲು ಹಳ್ಳಕ್ಕೆ ಕಟ್ಟಿದ ಒಡ್ಡಿಗೂ ಟರ್ಬೈನಿಗೂ ನಡುವಿನ ಹಳ್ಳದ ತುಂಡು ಒಣಗುತ್ತದಲ್ವಾ? ಅಲ್ಲಿ ಏಡಿ, ಮೀನು, ಕಪ್ಪೆ ಇವೆ. ಅದಕ್ಕೇ ಒಡ್ಡಿನ ಬುಡದಲ್ಲಿ ಸದಾ ತೆರೆದ ಕಂಡಿ ಬಿಟ್ಟು, ಪೈಪಿನ ಬಾಯಿಯನ್ನು ಅದಕ್ಕಿಂತ ಮೇಲೆ ಇಟ್ಟೆ. ನೀರು ಇಳಿದರೆ ಮೊದಲು ಒಣಗುವುದು ಪೈಪು, ಹಳ್ಳವಲ್ಲ.

ಸಂಕ್ರಾಂತಿ ಹೊತ್ತಿಗೆ ಹಾಗೇ ಆಗುತ್ತದೆ. ಆಗ ಟರ್ಬೈನ್ ಬಿಚ್ಚಿ, ಬೇರಿಂಗಿಗೆ ಗ್ರೀಸ್ ಹಚ್ಚಿ ಇಡುತ್ತೇನೆ. ಮುಂದಿನ ಮಳೆಗಾಲದವರೆಗೆ ಕಂಬದ ಕರೆಂಟೇ.